ಬೆಂಚ್ ಡ್ರಿಲ್ಲಿನ ಚಕ್ ಬಿಚ್ಚುವ ಕ್ರಮ ಮತ್ತು ಬದಲಿ ಕೀ

ಪ್ರಶ್ನೆ, ಸೋಮವಾರಪೇಟೆಯಿಂದ:
ಮಾನ್ಯರೇ, ತೋಟದ ಪಲ್ಪರ್ ಮತ್ತು ಸ್ಪ್ರೇಯರ್‌ಗಳ ರಿಪೇರಿಗೆಂದು ಕುಶಾಲನಗರದಲ್ಲಿ ಹಳೆಯ ಬೆಂಚ್ ಡ್ರಿಲ್ಲಿಂಗ್ ಮಷೀನೊಂದನ್ನು ಕೊಂಡಿದ್ದೇನೆ. 13 ಮಿ.ಮೀ. ಚಕ್ (ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಇದೆ, ಅದನ್ನು ಬಿಗಿಸುವ ಕೀ ಇಲ್ಲ. ಮಳೆಗಾಲದ ಥಂಡಿಗೆ ತುಕ್ಕು ಹಿಡಿದು ದವಡೆಗಳು ಅರ್ಧ ತೆರೆದಂತೆಯೇ ನಿಂತುಬಿಟ್ಟಿವೆ. ಚಕ್ಕನ್ನು ಇಳಿಸುವುದು ಹೇಗೆ? ಅಂಗಡಿಯವರು ‘ಎಲ್ಲದಕ್ಕೂ ಆಗುತ್ತದೆ’ ಎಂದು ಕೊಡುವ ನಾಲ್ಕು ತಲೆಯ ಕೀಯನ್ನು ನಂಬಬಹುದೇ?

ಉತ್ತರ, ಮಡಿಕೇರಿಯಿಂದ:
ಮೊದಲು ಪ್ಲಗ್ ತೆಗೆದು, ಹ್ಯಾಂಡಲ್ ತಿರುಗಿಸಿ ಕ್ವಿಲ್ಲನ್ನು (ಸ್ಪಿಂಡಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಕೊಳವೆ) ಕೆಳಗಿಳಿಸಿ, ಅದರ ಮೈಯಲ್ಲಿ ಉದ್ದನೆಯ ಸೀಳು ಇದೆಯೇ ನೋಡಿ. ಇದ್ದರೆ ಚಕ್ ಮೋರ್ಸ್ ಟೇಪರ್ ಆರ್ಬರಿನ, ಅಂದರೆ ಸ್ಪಿಂಡಲಿನೊಳಗೆ ಕಚ್ಚಿಕೊಳ್ಳುವ ಮೊನಚು ದಂಡದ, ಮೇಲೆ ಕೂತಿದೆ ಎಂದರ್ಥ. ಸ್ಪಿಂಡಲನ್ನು (ಚಕ್ಕನ್ನು ತಿರುಗಿಸುವ ಅಚ್ಚು) ಕೈಯಲ್ಲಿ ತಿರುಗಿಸುತ್ತಾ ಒಳಗಿನ ಸೀಳು ಹೊರಗಿನದಕ್ಕೆ ನೇರವಾದಾಗ ಡ್ರಿಫ್ಟ್ ಎಂಬ ಚಪ್ಪಟೆ ಬೆಣೆಯನ್ನು ತೂರಿಸಿ ಸುತ್ತಿಗೆಯಿಂದ ತಟ್ಟಿದರೆ ಆರ್ಬರ್ ಸಮೇತ ಕಳಚುತ್ತದೆ. ಕೆಳಗೆ ಮರದ ಹಲಗೆ ಇಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಸೀಳು ಇಲ್ಲ. ಚಕ್ಕಿನ ಮೇಲೆ ‘ಬಿ16’ ಎಂದು ಕೊರೆದಿದೆ.

ಉತ್ತರ, ಗೋಣಿಕೊಪ್ಪಲಿನಿಂದ:
ಬಿ16 ಎಂದರೆ ಚಕ್ಕಿನ ಬೆನ್ನಿನ ಟೇಪರ್ ತೂತಿನ ಅಳತೆ. ಸೀಳು ಇಲ್ಲ ಎಂದಮೇಲೆ ಚಕ್ ನೇರವಾಗಿ ಸ್ಪಿಂಡಲಿನ ತುದಿಯ ಟೇಪರಿಗೇ ಕಚ್ಚಿಕೊಂಡಿದೆ. ಚಕ್ಕಿನ ಬೆನ್ನಿಗೂ ಸ್ಪಿಂಡಲಿನ ಭುಜಕ್ಕೂ ನಡುವೆ, ಕವಲೊಡೆದ ಜೋಡಿ ಬೆಣೆಗಳನ್ನು ಎದುರುಬದುರಾಗಿ ಸಿಕ್ಕಿಸಿ ಬಡಿಯಬೇಕು. ಬೆಣೆ ಕ್ವಿಲ್ಲಿನ ಅಂಚಿಗೆ ಒತ್ತಿದರೆ ಪೆಟ್ಟೆಲ್ಲ ಬೇರಿಂಗಿಗೆ ಬೀಳುತ್ತದೆ, ಅಲ್ಲಿ ಮಾತ್ರ ಎಚ್ಚರ. ಇಳಿದ ಚಕ್ಕನ್ನು ತುಕ್ಕು ಬಿಡಿಸುವ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿಡಿ. ಹಲ್ಲಿನ ಮೇಲೆ ಉಳಿಯಿಟ್ಟು ಹೊಡೆಯುವ ನಮ್ಮೂರಿನ ನಾಟಿ ಮದ್ದು ಬೇಡ.

ಇನ್ನು ಕೀಯ ವಿಷಯ. ದವಡೆ ಎಷ್ಟು ಅಗಲ ತೆರೆಯುತ್ತದೆ ಎಂಬುದೊಂದರಿಂದಲೇ ಕೀಯನ್ನು ನಿರ್ಧರಿಸಲಾಗದು. ಚಕ್ಕಿನ ಪಕ್ಕದ ತೂತಿನ ವ್ಯಾಸವೂ ಕೀಯ ಹಲ್ಲುಗಳ ಲೆಕ್ಕವೂ ಹೊಂದಬೇಕು. ತೂತಿನ ಒಳಗಿನ ತುಕ್ಕನ್ನು ಚೆನ್ನಾಗಿ ಕೆರೆದು ತೆಗೆದ ಮೇಲೆ ವರ್ನಿಯರಿನಲ್ಲಿ ಅಳೆಯಿರಿ, ಇಲ್ಲದಿದ್ದರೆ ಅಳತೆ ಕಡಿಮೆ ಬರುತ್ತದೆ. ಜೇಕಬ್ಸ್ ಕಂಪನಿಯ ಕೆ3 ಕೀಯಲ್ಲಿ ಈ ತೂತಿಗೆ ಕೂರುವ ಮೊಳೆ 5/16 ಇಂಚು, ಅಂದರೆ 7.94 ಮಿ.ಮೀ.; 8 ಮಿ.ಮೀ. ಮೊಳೆಯ ಕೀಗಳೂ ಮಾರುಕಟ್ಟೆಯಲ್ಲಿವೆ, ಕಣ್ಣಿಗೆ ಎರಡೂ ಒಂದೇ. ಹಲ್ಲಿನ ಲೆಕ್ಕ ತಪ್ಪಿದ ಕೀ ಮೊದಲು ತಿರುಗಿದಂತೆಯೇ ಅನ್ನಿಸಿ, ಬಲ ಹಾಕಿದೊಡನೆ ಜಾರಿ ಸ್ಲೀವಿನ (ಚಕ್ಕಿನ ಹೊರಗಿನ ಹಲ್ಲುಬಳೆ) ಹಲ್ಲನ್ನೇ ಸವೆಸುತ್ತದೆ. ನಾಲ್ಕು ತಲೆಯದ್ದು ತಾತ್ಕಾಲಿಕಕ್ಕೆ ಸಾಕು, ನಾನಂತೂ ದಿನದ ಕೆಲಸಕ್ಕೆ ಬಳಸುವುದಿಲ್ಲ. ಹೇಗೂ ಚಕ್ ಇಳಿಸುತ್ತೀರಲ್ಲ, ಅದನ್ನೇ ಅಂಗಡಿಗೆ ಒಯ್ದು ಕೀ ಕೂರಿಸಿ ನೋಡಿ. ಕುಶಾಲನಗರ, ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ವಿಚಾರಿಸಬಹುದು.

ಉತ್ತರ, ಮಡಿಕೇರಿಯಿಂದ:
ಒಪ್ಪುತ್ತೇನೆ. ಮರಳಿ ಕೂರಿಸುವಾಗ ಎರಡೂ ಟೇಪರುಗಳಲ್ಲಿ ಎಣ್ಣೆಯ ಪಸೆಯೂ ಉಳಿಯದಂತೆ ಒರೆಸಿ, ದವಡೆಗಳನ್ನು ಪೂರ್ತಿ ಒಳಗೆಳೆದು, ಮರದ ಕೊಡತಿಯಿಂದ ಒಂದೆರಡು ಪೆಟ್ಟು ಕೊಟ್ಟರೆ ಸಾಕು.