ಅಪ್‌ಡೇಟ್: ಅಂಟಾರ್ಕ್ಟಿಕಾಗೆ ಸಣ್ಣ ಹಡಗಲ್ಲೇ ಹೋಗಿ ಬಂದೆವು

ಅಮ್ಮನ ಜೊತೆ ಅಂಟಾರ್ಕ್ಟಿಕಾಗೆ ಹೋಗಲು ದೊಡ್ಡ ಹಡಗು ಒಳ್ಳೇದಾ, ಸಣ್ಣದಾ ಅಂತ ಕೇಳಿದ್ದೆನಲ್ಲ? ದುಡ್ಡು ಜಾಸ್ತಿಯಾದರೂ ಸಣ್ಣದನ್ನೇ ಹಿಡಿದೆವು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ದಡಕ್ಕೆ ಇಳಿಸುವುದಿಲ್ಲ. ಸಣ್ಣ ಹಡಗಾದರೂ ಒಂದು ಜಾಗದಲ್ಲಿ ಒಮ್ಮೆಗೆ 100 ಜನಕ್ಕಷ್ಟೇ ಅವಕಾಶ, ಸರದಿ ಕಾಯಬೇಕು.

ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯ ಬಂದರಿನಿಂದ ಹೊರಟು, ಅಂಟಾರ್ಕ್ಟಿಕಾಗೆ ಮುಂಚೆ ಸಿಗುವ ಅಲೆಗಳ ಅಬ್ಬರದ ಡ್ರೇಕ್ ಜಲಸಂಧಿ ದಾಟುವಷ್ಟೂ ಹೊತ್ತು ಅಮ್ಮ ವಾಂತಿ ಬರದಿರಲು ಮಾತ್ರೆ ನುಂಗಿ ಮಲಗಿಯೇ ಇದ್ದರು. ಇಳಿಯುವ ಮೊದಲು ಬೂಟಿನ ಸಂದಿಯ ಮಣ್ಣು, ಜೇಬಿನ ಮೂಲೆಯ ಕಸ ಎಲ್ಲವನ್ನೂ ಬ್ರಷ್, ವ್ಯಾಕ್ಯೂಮ್ ಹಾಕಿ ತೆಗೆಸಿದರು, ಹೊರಗಿನ ಬೀಜ, ರೋಗ ಅಲ್ಲಿಗೆ ಹೋಗಬಾರದಲ್ವಾ. ಪೆಂಗ್ವಿನ್‌ಗಳಿಂದ 5 ಮೀಟರ್ ದೂರ ಇರಬೇಕು. ನಾವು ಸುಮ್ನೆ ನಿಂತಿದ್ದೆವು, ಒಂದು ಜೆಂಟೂ ಪೆಂಗ್ವಿನ್ ಗೂಡಿಗೆ ಅಂತ ಕಲ್ಲು ಕಚ್ಚಿಕೊಂಡು ನಮ್ಮೆದುರೇ ನಡೆದು ಹೋಯಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಸಣ್ಣ ಹಡಗೇ ಹಿಡಿಯಿರಿ ಎಂದವರಿಗೆಲ್ಲ ಇಬ್ಬರ ಕಡೆಯಿಂದಲೂ ಥ್ಯಾಂಕ್ಸ್.