ಈ ಯುಗಾದಿಗೆ ಒಬ್ಬಟ್ಟಿನ ಊಟ ಬಿಟ್ಟು ಆಸ್ಪತ್ರೆ ಹತ್ರ ಮೊಸರನ್ನ ಕೊಡೋಣ ಅಂತಿದೀವಿ, ಸಲಹೆ ಬೇಕು

ಗಿರಿನಗರದ ಸೊಸೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ಮನೇಲಿ ಯುಗಾದಿ ಅಂದ್ರೆ ಬೆಳಗ್ಗೆ ಕತ್ತಲೆ ಇರುವಾಗ್ಲೇ ಬೇಳೆ ಬೇಯೋಕಿಡ್ಬೇಕು, ಬೇಳೆ ಒಬ್ಬಟ್ಟು ಕಾಯಿ ಒಬ್ಬಟ್ಟು ಎರಡೂ ಆಗ್ಬೇಕು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಆಂಬೊಡೆ, ಮಾವನ ತಮ್ಮಂದಿರ ಮನೆಯವರೆಲ್ಲ ಇಲ್ಲೇ ಊಟಕ್ಕೆ. ಹೋದ ವರ್ಷ ಇದ್ಯಾವುದೂ ಇರ್ಲಿಲ್ಲ. ಮಾವಂಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೇಲಿ ಟ್ರೀಟ್‌ಮೆಂಟ್ ನಡೀತಿತ್ತು, ಹಬ್ಬದ ದಿನ ಅತ್ತೆ ಅಲ್ಲೇ ಇದ್ರು, ಸುತ್ತಮುತ್ತ ಚಿಕ್ಕ ಹೋಟೆಲ್‌ಗಳು ಹಬ್ಬ ಅಂತ ಮುಚ್ಚಿದ್ವು. ಮಧ್ಯಾಹ್ನ ಯಾರೋ ಗಂಡ ಹೆಂಡ್ತಿ ಸ್ಕೂಟರ್‌ನಲ್ಲಿ ದೊಡ್ಡ ಸ್ಟೀಲ್ ಡಬ್ಬಿ ತಂದು ಹೊರಗಡೆ ಕೂತಿದ್ದೋರಿಗೆಲ್ಲ ಮೊಸರನ್ನ ಕೊಟ್ಟು ಹೋದ್ರಂತೆ. ಹೆಸರೂ ಗೊತ್ತಿಲ್ಲ. ಅತ್ತೆ ಅದನ್ನ ಇವತ್ತಿಗೂ ಹೇಳ್ತಾರೆ.

ಮಾವ ಈಗ ಆರಾಮಾಗಿದಾರೆ. ಈ ಸಲ ಅತ್ತೆಯವರೇ ಹೇಳ್ತಿದಾರೆ, ಒಬ್ಬಟ್ಟಿನ ಗಲಾಟೆ ಬೇಡ, ಅಷ್ಟೇ ಹೊತ್ತು ಅಡುಗೆಮನೇಲಿ ನಿಲ್ಲೋದಾದ್ರೆ ಒಂದು ಐವತ್ತು ಜನಕ್ಕೆ ಮೊಸರನ್ನ ಮಾಡಿ ತಗೊಂಡ್ಹೋಗೋಣ, ಮನೆಯವರೂ ಅದನ್ನೇ ಊಟ ಮಾಡೋಣ ಅಂತ. ನಂಗೆ ಬಹಳ ಇಷ್ಟ ಆಯ್ತು. ಆದ್ರೆ ಮಾವನ ಅಮ್ಮ, ಅಜ್ಜಿ, ಒಪ್ತಿಲ್ಲ. ಹಬ್ಬದ ದಿನ ಒಬ್ಬಟ್ಟು ತಟ್ಟದೇ ಇರೋದು ಸೂತಕದ ಮನೇಲಿ, ಮಗ ಗುಂಡುಕಲ್ಲಿನ ಹಾಗೆ ಕೂತಿರುವಾಗ ಯಾಕೆ ಹಾಗೆ ಮಾಡ್ತೀರ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವ್ರಿಗೆ ನೋವು ಮಾಡೋಕೆ ಯಾರಿಗೂ ಇಷ್ಟ ಇಲ್ಲ. ಅಜ್ಜಿಗೆ ಹೇಗೆ ಹೇಳೋದು? ಮತ್ತೆ ಆ ಬಿಸಿಲಲ್ಲಿ ಕೆಡದ ಹಾಗೆ ಐವತ್ತು ಜನಕ್ಕೆ ಹೇಗೆ ಮಾಡೋದು?

ಭಾನುವಾರದ ಬುತ್ತಿ

ಮೇಡಂ, ನಾವು ಸ್ನೇಹಿತರು ಸೇರ್ಕೊಂಡು ಭಾನುವಾರ ಆ ಕಡೆ ಊಟ ಕೊಡ್ತಿರ್ತೀವಿ, ಗೊತ್ತಿರೋದು ಹೇಳ್ತೀನಿ. ಹೊಸೂರು ರೋಡಿನ ಆ ಭಾಗದಲ್ಲಿ ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಆಸ್ಪತ್ರೆ ಎಲ್ಲ ಅಕ್ಕಪಕ್ಕ ಇರೋದ್ರಿಂದ ಐವತ್ತು ಊಟ ಹೇಗೆ ಖಾಲಿ ಆಗುತ್ತೆ ಗೊತ್ತೇ ಆಗಲ್ಲ. ಊಟಕ್ಕೆ 1 ಕೆಜಿ ಅಕ್ಕಿ ಎಂಟು ಹತ್ತು ಜನಕ್ಕೆ ಬರುತ್ತೆ, ಹಾಗಾಗಿ 6 ಕೆಜಿ ಇಟ್ಕೊಳ್ಳಿ.

ಮೊಸರನ್ನ ಹುಳಿ ಆಗದೇ ಇರೋಕೆ ಅನ್ನ ಮೆತ್ತಗೆ ಮಾಡಿ, ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಜಾಸ್ತಿ ಮೊಸರು ಕಮ್ಮಿ ಹಾಕಿ ಕಲಸಿ, ಊಟದ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತೆ. ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಸಾಕು. ದ್ರಾಕ್ಷಿ ದಾಳಿಂಬೆ ಎಲ್ಲ ಹಾಕ್ಬೇಡಿ. ಬಿಸಿ ಅನ್ನವನ್ನ ಡಬ್ಬಿಗೆ ತುಂಬಿ ಮುಚ್ಚಿದ್ರೆ ಬೆವರಿ ಹಳಸುತ್ತೆ, ಅಗಲವಾದ ತಟ್ಟೇಲಿ ಹರಡಿ ಬೇಗ ಆರಿಸಿ. ಹಿಂದಿನ ರಾತ್ರಿ ಮಾಡಿಡೋ ಯೋಚನೆ ಬೇಡ, ಬೆಳಗ್ಗೆ ಮಾಡಿ ಮಧ್ಯಾಹ್ನಕ್ಕೆ ಮುಗಿಸಿಬಿಡಿ. ಚಿತ್ರಾನ್ನನೂ ಮಾಡೋದಾದ್ರೆ ಹಸಿ ತೆಂಗಿನಕಾಯಿ ಹಾಕ್ಬೇಡಿ.

ತುಂಬಾ ಮುಖ್ಯವಾದದ್ದು ಒಂದಿದೆ. ನೀವು ಕೊಡೋದು ಜೊತೆಗಿರೋರಿಗೆ, ರೋಗಿಗಳಿಗಲ್ಲ. ಕೀಮೋ ತಗೊಳ್ತಿರೋರಿಗೆ ಸೋಂಕು ಬೇಗ ತಗಲುತ್ತೆ, ಹೊರಗಿನ ಊಟ, ಹಸಿ ಕೋಸಂಬರಿ ಅಂಥದ್ದು ಅವ್ರಿಗೆ ಆಗಲ್ಲ. ಕೊಡುವಾಗ ಬಾಯ್ಬಿಟ್ಟು ಹೇಳಿ. ಒಂದಿನ ಮುಂಚೆ ಹೋಗಿ ಗೇಟ್ ಹತ್ರ ಸೆಕ್ಯುರಿಟಿಯವ್ರನ್ನ ಎಲ್ಲಿ ನಿಂತು ಕೊಡಬಹುದು ಅಂತ ಕೇಳ್ಕೊಂಡ್ ಬನ್ನಿ. ಪ್ಲಾಸ್ಟಿಕ್ ತಟ್ಟೆ ಲೋಟ ನಮ್ಮ ರಾಜ್ಯದಲ್ಲಿ 2016ರಿಂದ್ಲೇ ನಿಷೇಧ, ಅಡಿಕೆ ಹಾಳೆ ತಟ್ಟೆ ತಗೊಳ್ಳಿ. ಕೈ ತೊಳೆಯೋಕೆ ನೀರು, ಎಲೆ ತಟ್ಟೆ ಹಾಕೋಕೆ ಒಂದು ಚೀಲ ಇರ್ಲಿ.

ರಾಯಚೂರ ಹುಡುಗ

ಅಕ್ಕಾರ, ನಾ ನಮ್ಮ ಅವ್ವನ್ನ ತೋರಿಸ್ಲಿಕ್ಕೆ ಅಲ್ಲೇ ಇದ್ದಾಂವ, ಆ ಗೇಟಿನ ಮುಂದ ಕುಂತು ಕುಂತು ದಿನಾ ಕಳದೀನಿ. ನೀವು ಮಾಡೋದು ಭಾಳ ಛಲೋ ಐತಿ. ಆದ್ರ ಹೋಳಿಗಿ ಪೂರ್ತಿ ಬಿಡಬ್ಯಾಡ್ರಿ ಅಂತೀನಿ. ಅಲ್ಲಿ ಕಲಬುರಗಿ, ಬಳ್ಳಾರಿ, ಕೊಪ್ಪಳ ಕಡೆ ಮಂದಿ ಭಾಳ ಇರ್ತಾರ, ನಮಗೂ ಯುಗಾದಿ ದೊಡ್ಡ ಹಬ್ಬರಿ, ಊರಾಗ ಎಲ್ಲಾರೂ ಹೋಳಿಗಿ ಉಣ್ಣು ಹೊತ್ತಿನ್ಯಾಗ ನಾವು ರಿಪೋರ್ಟ್ ಹಿಡ್ಕೊಂಡು ಕುಂತಿರ್ತೀವಿ. ಹಸಿವಿಗೆ ಮೊಸರನ್ನ ಸಾಕು, ಆದ್ರ ಯಾರರೆ ಬಂದು ಒಂದು ಹೋಳಿಗಿ ಕೈಯಾಗ ಇಟ್ರ ಇವತ್ತು ಹಬ್ಬ ಅಂತ ನಮಗೂ ಅನಸ್ತೈತಿ.

ಬ್ಯಾಳಿ ಹೋಳಿಗಿ ಅಷ್ಟು ಮಂದಿಗೆ ಕಷ್ಟ ಆದ್ರ ಶೇಂಗಾ ಹೋಳಿಗಿ ಮಾಡ್ರಿ. ಹುರಿದ ಶೇಂಗಾ ಬೆಲ್ಲ, ನೀರಿನಂಶ ಇರಂಗಿಲ್ಲ, ಎರಡು ದಿನ ಮೊದಲ ಮಾಡಿಟ್ರೂ ಏನೂ ಆಗಂಗಿಲ್ಲ. ಇನ್ನೊಂದು ಮಾತು, ಮೊದಲ "ಊಟ ಆತೇನ್ರಿ" ಅಂತ ಕೇಳ್ರಿ, ಆಮ್ಯಾಲೆ ಕೊಡ್ರಿ. ಕೊಡೂವಾಗ ಫೋಟೋ ತಗೀಬ್ಯಾಡ್ರಿ. ಆ ಹೊತ್ತಿನ್ಯಾಗ ನಮ್ಮ ಮುಖ ಯಾರೂ ನೋಡಬಾರ್ದು ಅನಸ್ತಿರ್ತೈತಿ.

ಮಲ್ಲೇಶ್ವರದ ಆಂಟಿ

ನಿಮ್ಮಜ್ಜಿ ಹೆದರ್ಕೊಂಡಿದಾರಮ್ಮ, ಅದು ಹಠ ಅಲ್ಲ. ಮಗನ್ನ ಕಳ್ಕೊಳ್ತೀನಿ ಅಂತ ಒಂದು ವರ್ಷ ಒಳಗೊಳಗೇ ನವೆದಿರ್ತಾರೆ, ಈಗ ಅಡುಗೆಮನೆ ಸಾವಿನ ಮನೆ ಥರ ಕಂಡ್ರೆ ಅವ್ರಿಗೆ ಎದೆ ಧಸಕ್ ಅನ್ನುತ್ತೆ. ಅವರ ಮುಂದೆ ಒಬ್ಬಟ್ಟು ಬೇಡ ಅನ್ನೋ ಮಾತೇ ಎತ್ತಬೇಡಿ. ಬೆಳಗ್ಗೆ ಎಣ್ಣೆ ಸ್ನಾನ, ಬಾಗಿಲಿಗೆ ತೋರಣ, ಬೇವು ಬೆಲ್ಲ ಎಲ್ಲ ಇರ್ಲಿ, ನೈವೇದ್ಯಕ್ಕೆ ನಾಲ್ಕೇ ನಾಲ್ಕು ಒಬ್ಬಟ್ಟು ತಟ್ಟಿ, ಮೊದಲನೇದು ಅಜ್ಜಿ ಕೈಯಲ್ಲೇ ಕಾವಲಿಗೆ ಹಾಕಿಸಿ. ಶಾಸ್ತ್ರ ಆಯ್ತಲ್ಲ!

ಇನ್ನೊಂದು ಅವ್ರಿಗೇ ನೆನಪು ಮಾಡಿ. ಸಾವಾದ ಮನೇಲಿ ಹಬ್ಬ ಮಾಡಲ್ಲ ಸರಿ, ಆದ್ರೆ ಆ ಮನೆಗೆ ಅಕ್ಕಪಕ್ಕದವ್ರು, ನೆಂಟರು ಅಡುಗೆ ಮಾಡಿ ತಂದು ಕೊಡ್ತಿದ್ರು. ಅವ್ರ ಕಾಲದಲ್ಲಿ ಅವ್ರೂ ಎಷ್ಟು ಮನೆಗೆ ಹೊತ್ಕೊಂಡ್ ಹೋಗಿರ್ತಾರೋ. ಒಲೆ ಹಚ್ಚೋಕಾಗದೇ ಇರೋರಿಗೆ ಊಟ ತಲುಪಿಸೋದು ನಮ್ಮಲ್ಲಿ ಮೊದ್ಲಿಂದ್ಲೂ ಇದೆ, ಆಸ್ಪತ್ರೆ ಮುಂದೆ ಕೂತಿರೋರೂ ಅಂಥವರೇ ತಾನೆ. ಮೊಸರನ್ನದ ಒಗ್ಗರಣೆ ಅಜ್ಜಿಗೆ ಬಿಡಿ.

ಹೊಸತೊಡಕು ನಮ್ದು

ಸೋದರಿ, ಒಂದು ಮಾತು ಸೇರಿಸ್ತೀನಿ. ಹೊರಗಿನೋರಿಗೆ ಕೊಡೋದೂ ಮನೆಯವ್ರು ಊಟ ಮಾಡೋದೂ ಒಂದೇ ಅಡುಗೆ ಅಂದ್ರಲ್ಲ, ಅದನ್ನ ಮಾತ್ರ ಬಿಡಬೇಡಿ. ನಮ್ಮಲ್ಲಿ ಹಬ್ಬದ ದಿನ ಊಟ ಆದ್ಮೇಲೆ ಮಿಕ್ಕಿದ್ದನ್ನ ಕವರ್‌ಗೆ ಹಾಕಿ ಕಸ ತಗೊಂಡ್ ಹೋಗೋಕೆ ಬರೋರಿಗೆ ಗೇಟ್ ಮೇಲಿಂದ ಕೊಡೋ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ಅದಕ್ಕೆ ಪುಣ್ಯ ಅಂತ ಬೇರೆ ಹೆಸರು. ಬೇರೆ ಲೋಟ ಇಡೋ ಮನೆಗಳೂ ಈ ಊರಲ್ಲಿ ಇನ್ನೂ ಇದಾವೆ, ನನಗಂತೂ ನೋಡಿದ್ರೆ ಮೈ ಉರಿಯುತ್ತೆ. ಯುಗಾದಿ ಮಾರನೇ ದಿನ ಬಾಳೆ ಎಲೆ, ತೋರಣ, ಹೂವು ಅಂತ ಕಸ ದುಪ್ಪಟ್ಟಾಗಿರುತ್ತೆ, ಎಲ್ರೂ ಹೊಸತೊಡಕು ಅಂತ ಮಟನ್ ಅಂಗಡಿ ಮುಂದೆ ಕ್ಯೂ ನಿಂತಿರುವಾಗ ಪೌರಕಾರ್ಮಿಕರು ಬೆಳಗ್ಗೆಯಿಂದ ಬೀದೀಲಿರ್ತಾರೆ. ನಮ್ಮನೇಲಿ ಈಗ ಹೊಸತೊಡಕಿನ ದಿನ ಮೊದಲ ಪಂಕ್ತಿ ನಮ್ಮ ಬೀದಿ ಗುಡಿಸೋರಿಗೆ. ಒಳಗೆ ಹಾಲ್‌ನಲ್ಲಿ ಕೂರಿಸಿ, ನಾವು ತಿನ್ನೋ ತಟ್ಟೇಲೇ ಮುದ್ದೆ, ಸಾರು ಬಡಿಸ್ತೀವಿ, ನಾವು ಆಮೇಲೆ. ನಮ್ಮಪ್ಪ ಮೊದಲನೇ ಸಲ ರೂಮಿಂದ ಹೊರಗೇ ಬರ್ಲಿಲ್ಲ. 2025ರಲ್ಲಿ ಯುಗಾದಿ ಮಾರನೇ ದಿನವೇ ರಂಜಾನ್ ಹಬ್ಬನೂ ಬಂತಲ್ಲ, ಆವತ್ತು ಎದುರುಮನೆಯವ್ರು ಶೀರ್ ಖುರ್ಮಾ ತಂದಿದ್ರು, ಅಪ್ಪನೇ ಎದ್ದು ಬಂದು ಅವ್ರನ್ನೂ ಪಂಕ್ತಿಗೆ ಕೂರಿಸಿದ್ರು.

ಗಿರಿನಗರದ ಸೊಸೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಆಂಟಿ, ನೀವು ಹೇಳಿದ ಹಾಗೇ ಅತ್ತೆ ಅಜ್ಜಿ ಪಕ್ಕ ಕೂತು ಮಾತಾಡಿದ್ರು. ಅಜ್ಜಿ ಇನ್ನೂ ಪೂರ್ತಿ ಹೂಂ ಅಂದಿಲ್ಲ, ಆದ್ರೆ ಮೊಸರು ಮನೇಲೇ ಹೆಪ್ಪು ಹಾಕ್ಬೇಕು, ಪ್ಯಾಕೆಟ್ ಮೊಸರು ತಂದ್ರೆ ಮುಟ್ಟಲ್ಲ ಅಂದಿದಾರೆ, ಅದನ್ನ ಒಪ್ಪಿಗೆ ಅಂತ್ಲೇ ತಗೊಂಡಿದೀವಿ. ರಾಯಚೂರಿನ ತಮ್ಮ, ಅವ್ವ ಹೇಗಿದಾರೆ ಈಗ? ಶೇಂಗಾ ಹೋಳಿಗೆ ಖಂಡಿತ ಮಾಡ್ತೀವಿ, ಶೇಂಗಾ ಬೆಲ್ಲ ಎಷ್ಟಕ್ಕೆಷ್ಟು, ಕಣಕಕ್ಕೆ ಗೋಧಿ ಹಿಟ್ಟಾ ಮೈದಾನಾ ಹೇಳಿ. ಹಾಳೆ ತಟ್ಟೆ ನೂರು ಬೇಕಾಗುತ್ತೆ, ಎಲ್ಲಿ ಸಿಗುತ್ತೆ?

ರಾಯಚೂರ ಹುಡುಗ

ಅವ್ವ ಆರಾಮ ಅದಾಳ್ರಿ, ಮೂರು ತಿಂಗಳಿಗೊಮ್ಮೆ ಚೆಕಪ್ ಅಷ್ಟ. ಆಕಿನ್ನ ಕೇಳಿ ಬರದೀನಿ: ಒಂದು ಬಟ್ಟಲ ಶೇಂಗಾ ಪುಡಿಗೆ ಮುಕ್ಕಾಲು ಬಟ್ಟಲ ಬೆಲ್ಲ, ಚೂರು ಹುರಿದ ಎಳ್ಳು, ಯಾಲಕ್ಕಿ. ಕಣಕಕ್ಕ ಗೋಧಿ ಹಿಟ್ಟು, ಚಿರೋಟಿ ರವಾ ಸ್ವಲ್ಪ. ತಟ್ಟಿಗೆ ಕೆ.ಆರ್. ಮಾರ್ಕೆಟ್ ಕಡೆ ನೋಡ್ರಿ. ಹಬ್ಬದ ದಿನ ನಾ ಬೆಂಗಳೂರಾಗ ಇರ್ತೀನಿ, ಬಡಿಸ್ಲಿಕ್ಕೆ ಬರ್ತೀನ್ರಿ, ಎಷ್ಟೊತ್ತಿಗೆ ಬರ್ಬೇಕು ಮೆಸೇಜ್ ಹಾಕ್ರಿ.