ಅಪ್‌ಡೇಟ್: ಇಪ್ಪತ್ತು ದಿನ, ಮೂರು ವಿಷಯ – ಅಂತೂ ಮುಗೀತು

ಮೆಡಿಕಲ್ ಪರೀಕ್ಷೆಗೆ ಇಪ್ಪತ್ತೇ ದಿನ, ನ್ಯೂರಾಲಜಿ (ನರರೋಗ), ಸೈಕಿಯಾಟ್ರಿ (ಮನೋರೋಗ), ಓಬಿಜಿ (ಹೆರಿಗೆ-ಸ್ತ್ರೀರೋಗ) ಮೂರೂ ಬಾಕಿ, ಯಾವುದರಿಂದ ಶುರು ಮಾಡ್ಲಿ ಅಂತ ಕಾರವಾರದಿಂದ ಕೇಳಿದ್ದೆ. ನಿನ್ನೆ ಮುಗೀತು.

"ಓದಿದ್ದು ಸಾಕು, ಬಿಡಿಸಿ ನೋಡು" ಅಂದವರಿಗೆ ದೊಡ್ಡ ನಮಸ್ಕಾರ. ಸಂಜೆ ಟಾಗೋರ್ ಬೀಚಿನ ಮರಳಲ್ಲಿ ಕೋಲು ಹಿಡಿದು ಮುಖದ ನರದ ದಾರಿ ಗೀಚ್ತಿದ್ದೆ. ಅಲೆ ಬಂದು ಅಳಿಸಿದ್ರೆ ಮತ್ತೆ ಮೊದಲಿಂದ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತೆ, ಹಾಗಾಗಿ ಸ್ಟ್ರೋಕಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟಿಸೋಕೆ ಆಗುತ್ತೆ, ಮುಖದ ನರವೇ ಸೋಲೋ ಬೆಲ್ಸ್ ಪಾಲ್ಸಿಯಲ್ಲಿ ಹಣೆಯೂ ಹೋಗುತ್ತೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಅದೇ ಬಂತು ಮಾರಾಯ್ರೆ!

ಓಬಿಜಿಯಲ್ಲಿ ಬಂದಿದ್ದು ಎಕ್ಲಾಂಪ್ಸಿಯಾ, ಅಂದ್ರೆ ಬಸುರಿ-ಬಾಣಂತಿಯರಿಗೆ ಬಿಪಿ ಏರಿ ಫಿಟ್ಸ್ ಬರೋದು. ಅದಕ್ಕೆ ಕೊಡೋ ಮ್ಯಾಗ್ನೀಸಿಯಂ ಸಲ್ಫೇಟಿನ ಡೋಸಿಗೆ ಪ್ರಿಚರ್ಡ್ ಅನ್ನೋ ಲೆಕ್ಕ: ಐವಿ (ರಕ್ತನಾಳಕ್ಕೆ) 4 ಗ್ರಾಂ, ಎರಡೂ ಪೃಷ್ಠಕ್ಕೆ 5-5, ಆಮೇಲೆ 4 ಗಂಟೆಗೊಮ್ಮೆ 5. ಪ್ರತಿ ಡೋಸಿಗೂ ಮೊದಲು ಮಂಡಿ ಜರ್ಕ್ (ತಟ್ಟಿದ್ರೆ ಕಾಲು ಜಿಗಿಯೋದು), ಉಸಿರು, ಮೂತ್ರ ನೋಡಬೇಕು. ಎಲ್ಲ ಬರೆದೆ. ಮ್ಯಾಗ್ನೀಸಿಯಂ ಹೆಚ್ಚಾಗಿ ವಿಷವೇರಿದ್ರೆ ಕೊಡೋ ಕ್ಯಾಲ್ಸಿಯಂ ಗ್ಲುಕೋನೇಟ್ ಮಾತ್ರ ಮೆಟ್ಟಿಲಿಳಿಯುವಾಗ ನೆನಪಾಯ್ತು.

ಸೈಕಿಯಾಟ್ರಿಗೆ ಸಿಕ್ಕಿದ್ದು ಎರಡೇ ದಿನ. ಸ್ಕಿಜೋಫ್ರೇನಿಯಾ ಅನ್ನೋಕೆ ಲಕ್ಷಣ ಕನಿಷ್ಠ ಎಷ್ಟು ದಿನ ಇರಬೇಕು ಅಂದ್ರೆ, ಐಸಿಡಿಯಲ್ಲಿ (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ) 1 ತಿಂಗಳು, ಡಿಎಸ್‌ಎಂನಲ್ಲಿ (ಅಮೆರಿಕದ ಮನೋರೋಗ ಕೈಪಿಡಿ) 6 – ಅದೊಂದು ಕೈ ಹಿಡೀತು.

ರಿಸಲ್ಟ್ ಬಂದಾಗ ಹೇಳ್ತೀನಿ. ಸದ್ಯಕ್ಕೆ ಆಯಿ ಬಂಗಡೆ ಹುರೀತಿದ್ದಾಳೆ, ಬರ್ತೀನಿ.